ತಡಿಯೂ ಗುಂಡಿ

ಇಚಲಕರಂಜಿಗೆ ನೂಲು ತರಾಕ ಹೋದ ಮಾಮಾ
ನೂಲಿನ ಗಂಟಿನ ನಡುವ ಸುತ್ತಿಕೊಂಡು ಬನಹಟ್ಟಿಗೆ ತಂದ ಡಬ್ಬಿ ಅದು;
ಯಾರದೋ ಮನಿಯಾಗ ಆಡಿ ಆಡಿ ಬ್ಯಾಸತ್ತು ಮಾರಿದ್ದು.
ಒಂದ ಡಿಸ್ಕು, ಮ್ಯಾಲ ಮಾರ್ಕರಿನ ಗೀಟು.
ಎರಡು ರಿಮೋಟು.
ಒಂದು ನೆಟ್ಟಗಿತ್ತು. ಇನ್ನೊಂದಕ್ಕ ತಡಿಯೂ ಗುಂಡಿ ಸತ್ತಿತ್ತು.

ಸತ್ತಿದ್ದು ನನ್ನ ಪಾಲಿಗೆ ಬಂತು.
ಸಿದ್ರಾಮ ನನಗಿಂತ ಮೂರು ವರ್ಷ ದೊಡ್ಡಾಂವ,
ಮೂರು ವರ್ಷಕ್ಕ ಒಂದು ಗುಂಡಿ ಹೆಚ್ಚು ಅಂತ ಅವನ ಲೆಕ್ಕ.

ಪರದೆ ಮ್ಯಾಲ ಹದಿನಾಲ್ಕು ಮಂದಿ ಎದಿ ಉಬ್ಬಿಸಿ ನಿಂತಿರತಿದ್ರು,
ಬೆನ್ನಿಗೆ ಹಚ್ಚಡ, ಕಣ್ಣಿಗೆ ಮುಖವಾಡ,
ದೂರದ ಯಾವುದೋ ಚಿತ್ರಕತಿ ಪುಸ್ತಕದಿಂದ ಎದ್ದು ಬಂದಾವರು.
ಆ ಪುಸ್ತಕ ನಾವು ಕಂಡಿರಲಿಲ್ಲ.
ಯಾರಿಗೆ ಯಾರ ಮ್ಯಾಲ ಯಾಕ ಸಿಟ್ಟು, ತಿಳೀತಿರಲಿಲ್ಲ.
ಹಿಂಗಾಗಿ ಸಿಟ್ಟು ನಾವ ಹಚ್ಚಿದ್ವಿ:
ಕಬ್ಬಿಣ ರೆಕ್ಕಿಯಾಂವ ಸಾವಕಾರ,
ಸೀರಿಯೊಳಗ ಒಂದು ಎಳಿ ತಪ್ಪಿದರ ಮಜೂರಿ ಮುರೀತಾನ;
ಮಿಂಚಿನ ಜಡಿಯಾಕಿ ಆ ಮಜೂರಿ ಕೇಳಾಕ ಬಂದಾಕಿ,
ಜಡಿ ಬೀಸಿದರ ಬಜಾರಕ್ಕೆಲ್ಲಾ ಬೆಳಕು.
ನಾ ಯಾವತ್ತೂ ಆಕಿ.

ಗ್ವಾಡಿಯ ಆಚಿ ಅಪ್ಪನ ನಾಲ್ಕು ಮಗ್ಗ,
ಖಟ್ ಖಟಾ ಖಟ್, ಖಟ್ ಖಟಾ ಖಟ್.
ಟೀವಿಯ ಆವಾಜ ನಾವು ಒಂದಿನಾನೂ ಕೇಳಿದಾವರಲ್ಲ,
ಏಟಿಗೆಲ್ಲಾ ಮಗ್ಗದ ಸಪ್ಪಳಾನ ಸಪ್ಪಳ:
ಲಾಳಿ ಎಡಕ್ಕ ಹಾರಿದರ ಅವನ ಒದಿಕಿ,
ಬಲಕ್ಕ ಹಾರಿದರ ನನ್ನ ಗುದ್ದು.
ಅವ್ವ ಹೊಸ್ತಿಲದಾಗ ಚರಕದ ಮುಂದ ಕಂಡಕಿ ಸುತಗೋತ
"ಯಾರು ಗೆದ್ರಿ?" ಅಂತಿದ್ದಳು, ಕಣ್ಣೆತ್ತದ.
ದಿನಾ ಒಂದ ಉತ್ತರ.
ಆಯಿ ಮಾತ್ರ, "ಗುಂಡಿ ಗುಂಡಿ ಅಂತೀರಿ,
ಯಾವ ಗುಂಡಿಗೆ ಬಿದ್ದೀರೋ ಏನೋ!"

ತಡಿಯಾಕ ಬರದಾಕಿ ಏನು ಕಲೀತಾಳ?
ಹಾರಾಕ. ಬಗ್ಗಾಕ. ಏಟು ಬರೂದರ ಮೊದಲ
ಹೆಗಲು ಚೂರು ಅಲಗೂದು ಕಾಣಾಕ,
ಪರದೆದಾಂವನ ಹೆಗಲಲ್ಲ, ಬಾಜೂಕ ಕೂತ ಸಿದ್ರಾಮಂದು.
ಒದಿಯೂಕಿಂತ ಮೊದಲ ಅವ ನಾಲಗಿ ಕಚ್ಚತಿದ್ದ.
ಹತ್ತರಾಗ ಮೂರು ಆಟ ಗೆಲ್ಲೂ ಹಂಗಾದೆ.
ಒಂದಿನ ಅವ, "ತಗೋ, ಇವತ್ತ ಚಲೋದು ನೀ ಹಿಡಿ" ಅಂದ.
ಹಿಡದೆ. ಹತ್ತಕ್ಕ ಹತ್ತೂ ಸೋತೆ.
ಜೀವಂತ ಗುಂಡಿ ಬೆರಳ ಕೆಳಗ ಇದ್ದರೂ
ಒತ್ತಬೇಕು ಅನ್ನೂದ ನೆನಪಾಗಲಿಲ್ಲ.
ಹೊಳ್ಳಿ ಕೊಟ್ಟೆ. ಅವ ನಗಲಿಲ್ಲ.
ನಕ್ಕಿದ್ದರ ಚಲೋ ಇತ್ತು.

ಆಮ್ಯಾಲ ಆ ಸಂಜಿ.
ಕಡೀ ಸುತ್ತು, ಇಬ್ಬರದೂ ಜೀವದ ಪಟ್ಟಿ ನೂಲಿನಷ್ಟ ಉಳದಿತ್ತು,
ಕರೆಂಟು ಹೋತು.
ಮಗ್ಗ ನಿಂತವು. ಕಡೀ ಖಟ್ ಗ್ವಾಡಿಯೊಳಗ ಉಳೀತು.
ಓಣಿಗೆ ಓಣಿನ ಉಸಿರು ಹಿಡದಂಗ,
ಅವ್ವನ ಚರಕ ಒಂದ ತಿರಗತಿತ್ತು.
ಕತ್ತಲದಾಗ ಸಿದ್ರಾಮ ಅಂದ:
"ಆಟ ನಿಂತಿಲ್ಲ. ಬಾಯಿಲೆ ಆಡೂನು. ನಾ ಒದ್ದೆ."
"ನಾ ಹಾರಿದೆ."
"ರೆಕ್ಕಿ ಬೀಸಿದೆ."
"ಬಗ್ಗಿದೆ."
"ಹಿಂದಿನಿಂದ ಹಿಡದೆ, ಎತ್ತಿದೆ, ಗಚ್ಚಿಗೆ ಒಗದೆ!"
ನನ್ನ ಹೆಬ್ಬೆರಳು ತಾನ ಹುಡುಕಿಕೊಂಡು ಹೋಗಿ
ಸತ್ತ ಗುಂಡಿ ಒತ್ತಿತು.
"ತಡದೆ" ಅಂದೆ.

ಅವ ಸುಮ್ಮನಾದ.
ಕತ್ತಲದಾಗ ಎರಡೂ ರಿಮೋಟು ಒಂದ ಥರಾ.
"ತಡದಿ?"
"ತಡದೆ."
ಸ್ವಲ್ಪ ಹೊತ್ತು ಬಿಟ್ಟು, "ಆತು" ಅಂದ, "ತಡದಿ."

ಕರೆಂಟು ಬಂತು. ಮಗ್ಗ ಎದ್ದವು.
ಪರದೆ ಮ್ಯಾಲ ಹದಿನಾಲ್ಕು ಮಂದಿ ಮತ್ತ ಎದಿ ಉಬ್ಬಿಸಿ
ಏನೂ ನೆನಪಿಲ್ಲದಾವರಂಗ ನಿಂತರು.
ಸಿದ್ರಾಮ ತನ್ನ ನೆಟ್ಟಗಿಂದು ತಾ ಹಿಡದ, ನಾ ನನ್ನದು.
"ಯಾರು ಗೆದ್ರಿ?" ಅಂದಳು ಅವ್ವ.
ಇಬ್ಬರೂ ಕೂಡೇ ಒದರಿದ್ವಿ, ಮಗ್ಗಕ್ಕ ಕೇಳೂ ಹಂಗ:
"ಇನ್ನೂ ಆಡಾಕತ್ತೀವಿ!"