ಹಿಂದೆ ಬರೆದ ಬಾಕಿ

ಡಿಪೋದಲ್ಲಿ ಬೇಡಿ ಬೇಡಿ ಸಿಕ್ಕಿದ್ದು ಆರು ದಿನ.
ಅರ್ಜಿಯಲ್ಲಿ ಕಾರಣ: ಕ್ರಿಸ್ಮಸ್.
ನಿಜವಾದದ್ದು ಬರೆದಿದ್ದರೆ ನಗುತ್ತಿದ್ದರು:
ಸ್ವಾಮಿ, ನಾನೊಂದು ಕೌದಿ ಹೊಲಿಯಬೇಕು.

ಮೊದಲ ದಿನ ನಾಲ್ಕಕ್ಕೇ ಎಚ್ಚರ, ಹಾಳು ಅಭ್ಯಾಸ.
ಕಿವಿಯೊಳಗೆ ಇನ್ನೂ ಆಯನೂರು, ಕುಂಸಿ, ಆನಂದಪುರ.
ಹೊರಗೆ ಗೋಪಾಳದ ಬೀದಿದೀಪಗಳಿಗೆಲ್ಲ
ತುಂಗೆಯ ಕಡೆಯ ಮಂಜು ಮುಸುಕು ಹೊದಿಸಿತ್ತು.
ಎರಡು ಸಲ ಕಾಫಿ ಕುಡಿದೆ.
ಮತ್ತೂ ಕತ್ತಲೆ.

ನಮ್ಮ ತೋಟವೆಂದರೆ ಕಾಂಪೌಂಡಿನೊಳಗೆ ಎರಡು ಮಾರು ಮಣ್ಣು,
ಬಣ್ಣದ ಡಬ್ಬಗಳಲ್ಲಿ ಕೊತ್ತಂಬರಿ,
ಒಡೆದ ಬಕೆಟ್ಟಿನಲ್ಲಿ ಡೇಲಿಯಾ.
ಅದು ತಲೆಭಾರಕ್ಕೆ ಬಾಗಿ ಬಾಗಿ
ಫುಟ್‌ಬೋರ್ಡಿನಲ್ಲಿ ತೂಕಡಿಸುವ ಕಾಲೇಜು ಹುಡುಗನ ಹಾಗೆ.
ಒಳಗೆ ಬಾರೋ ಮಾರಾಯ, ಅಂದು
ಹಳೇ ಲಾಡಿಯಿಂದ ಕೋಲಿಗೆ ಕಟ್ಟಿದೆ.
ಸೇವಂತಿಗೆಗಳು ಮಾತ್ರ ಪಾಸಿದ್ದವರ ಗತ್ತಿನಲ್ಲಿ
ಸಾಲಾಗಿ ಕೂತಿದ್ದವು, ಮುಖಕ್ಕೆ ಇಬ್ಬನಿ ಹಚ್ಚಿಕೊಂಡು.

ಗೋದಲಿಗೆ ಹುಲ್ಲು ಬೇಕೆಂದು ಜಸಿಂತಾ
ಕರಟಗಳಲ್ಲಿ ರಾಗಿ ಚೆಲ್ಲಿದ್ದಳು.
ಒಂದರಲ್ಲಿ ಮಗುವಿನ ಕೂದಲಷ್ಟು ದಟ್ಟ,
ಒಂದು ಗುಬ್ಬಿಯ ಪಾಲಾಗಿ ಬೋಳು.
"ಬೋಳಾದದ್ದನ್ನೂ ಇಡೋಣ ಅಪ್ಪ,
ಕುರಿ ಮೇಯ್ದ ಜಾಗ ಅಂತ ಆಗುತ್ತೆ."
ಹನ್ನೊಂದು ವರ್ಷದ ಬುದ್ಧಿ. ಒಪ್ಪಿದೆ.

ಮಧ್ಯಾಹ್ನ ಮುಮ್ತಾಜ್ ಆಪಾ ಅಕ್ಕಿಚೀಲದ ತುಂಬ
ಗಂಡನ ಅಂಗಡಿಯ ಚೂರು ಬಟ್ಟೆ ತಂದು ಸುರಿದರು:
ಯಾರದ್ದೋ ನಿಕಾಹಿನ ಜರಿ,
ಯಾವುದೋ ಶಾಲೆಯ ನೀಲಿ ಚೌಕಳಿ,
ಅಳತೆ ತಪ್ಪಿ ಉಳಿದ ಒಂಟಿ ತೋಳು.
ನನ್ನ ಪಾಲಿನದು ಮೂರು ಹಳೇ ಖಾಕಿ ಅಂಗಿ.
ಅಮ್ಮನ ಮಿಷನ್ನಿಗೆ ಬೆಲ್ಟು ಹೋಗಿತ್ತು,
ಸೈಕಲ್ ಟ್ಯೂಬು ಸೀಳಿ ಹಾಕಿದೆ.
ಓಡಿತು, ಕೆಮ್ಮುತ್ತ.

ಬೆನ್ನಿ ಬಾಚಣಿಗೆಯ ಬೆನ್ನ ಮೇಲೆ ಹಿಟ್ಟೊತ್ತಿ
ಕಿಡಿಯೊ ಸುರುಳಿ ಸುತ್ತುತ್ತಿದ್ದವಳು
ಅಡಿಗೆಮನೆಯಿಂದಲೇ ಕೇಳಿದಳು,
"ವರ್ಷವೆಲ್ಲ ಚೂರು ಹರಿದದ್ದು ಸಾಲದೆ?"
ಉತ್ತರ ಹೊಳೆಯಲಿಲ್ಲ.
ಹೊಳೆಯಿತು ಮರುದಿನ,
ಅಷ್ಟರಲ್ಲಿ ಅವಳು ಆಸ್ಪತ್ರೆ ಡ್ಯೂಟಿಗೆ ಹೋಗಿದ್ದಳು.

ಮೂರನೇ ಅಂಗಿ.
ಬ್ಲೇಡಿನಿಂದ ಎಡಜೇಬು ಬಿಚ್ಚಲು ಹೋದರೆ
ಒಳಗೆ ಒಂದು ಐದು, ಒಂದು ಎರಡು.

ನೆನಪಾಯಿತು. ಬೆತ್ತದ ತೊಟ್ಟಿಲು ತಂದವಳು,
ಬಾನೆಟ್ಟಿನ ಮೇಲೆ ಅದನ್ನಿಟ್ಟು
ದಾರಿಯುದ್ದಕ್ಕೂ ಒಂದು ಕೈಯಲ್ಲಿ ಹಿಡಿದೇ ಇದ್ದಳು,
ಒಳಗೆ ಆಗಲೇ ಯಾರೋ ಮಲಗಿದ್ದಾರೆ ಎಂಬಂತೆ.
ಟಿಕೆಟ್ಟಿನ ಹಿಂದೆ ಬರೆದುಕೊಟ್ಟಿದ್ದೆ: ೭.
ಚಿಲ್ಲರೆ ಆದಾಗ ಕೊಡ್ತೀನಿ ಅಮ್ಮ.
ಚಿಲ್ಲರೆ ಆಯಿತು, ಬೇರೆಯೇ ಇಟ್ಟೆ ಎಡಜೇಬಿನಲ್ಲಿ.
ಕುಂಸಿ ಬಂತು, ತೊಟ್ಟಿಲು ಇಳಿಸುವ ಗಡಿಬಿಡಿ,
ನಾನೇ ಸೀಟಿ ಊದಿದೆ.
ಚೋರಡಿ ಸೇತುವೆ ದಾಟಿದ ಮೇಲೆ
ಕೈ ಜೇಬಿಗೆ ತಾಗಿತು.

ಆ ತೊಟ್ಟಿಲ ಮಗು ಈಗ ಮಗ್ಗಿ ಹೇಳುತ್ತಿರಬಹುದು.
ಹೆಂಗಸರಿಗೆ ಈಗ ಟಿಕೆಟ್ಟಿಗೆ ದುಡ್ಡೇ ಇಲ್ಲ,
ಅವಳೇ ಬಂದು ನಿಂತರೂ
ಯಾವ ಲೆಕ್ಕದಲ್ಲಿ ತೀರಿಸಲಿ?

ಜೇಬು ಬಿಚ್ಚಲಿಲ್ಲ.
ಗುಂಡಿಯ ಸಮೇತ, ನಾಣ್ಯಗಳ ಸಮೇತ
ಜರಿಗೂ ಚೌಕಳಿಗೂ ನಡುವೆ ಕೂರಿಸಿದೆ.
ಸೊಟ್ಟಗೆ ಕೂತಿತು. ಇರಲಿ.

ಹಬ್ಬದ ರಾತ್ರಿಗೆ ಕೌದಿ ಅರ್ಧವೇ ಆಗಿತ್ತು.
ಜಸಿಂತಾ ಅದನ್ನೇ ಮಡಚಿ
ಗೋದಲಿಯ ಹಿಂದೆ ಗುಡ್ಡ ಮಾಡಿದಳು.
ಬೋಳು ಕರಟದ ಪಕ್ಕ
ಒಂದು ಕಿವಿ ಮುರಿದ ಮಣ್ಣಿನ ಕುರಿ
ಖಾಕಿ ಇಳಿಜಾರನ್ನು ನೋಡುತ್ತ ನಿಂತಿತು.

ರಜೆಯ ಕೊನೆಯ ರಾತ್ರಿ. ಒಂದು ಅಂಚು ಇನ್ನೂ ಬಾಕಿ,
ದಾರ ಮುಗಿದಿದೆ.
ಅವಳು ಹಟ ಮಾಡಿ ಹಾಗೇ ಹೊದ್ದು ಮಲಗಿದಳು,
ನಿದ್ದೆಯಲ್ಲಿ ಮಗ್ಗುಲಾದಾಗೆಲ್ಲ
ಸಣ್ಣಗೆ ಕಿಣಿಕ್ಕೆನ್ನುತ್ತಿತ್ತು ಜೇಬು.

ಬೆಳಿಗ್ಗೆ ಮೊದಲ ಟ್ರಿಪ್ಪು. ಗಾಜಿಗೆಲ್ಲ ಮಂಜು,
ಡ್ರೈವರ್ ಬಸವಣ್ಯಪ್ಪ ಕಾಗದ ಸುತ್ತಿ ಒರೆಸುತ್ತಿದ್ದ.
ಅವನ ಬನಿಯನ್ನಿನ ಜೇಬಿಗೆ ನಾಲ್ಕು ಕಿಡಿಯೊ ತುರುಕಿದೆ.
ಕುಂಸಿಯಲ್ಲಿ ಇಳಿದವರು ಮೂವರು, ಹತ್ತಿದವರು ಇಬ್ಬರು.
ಬಾಗಿಲಲ್ಲಿ ನಿಂತು ಒಂದಿಷ್ಟು ಹೊತ್ತು ಆಚೀಚೆ ನೋಡಿ
ಎಂದಿಗಿಂತ ತುಸು ತಡವಾಗಿ
ಸೀಟಿ ಊದಿದೆ.