ಚಿಕ್ಕಿ ಬಿದ್ದ ಕಾಯಿ

ಇಂಡಿ ಮಾರ್ಕೆಟ್ಟಿನ್ಯಾಗ ನಾನು ಲಿಂಬಿ ಆರಿಸಾಕಿ.
ಹಳದೀವು ಒಂದ್ ಕಡೆ, ಹಸರನ್ವು ಒಂದ್ ಕಡೆ,
ಚಿಕ್ಕಿ ಬಿದ್ದವು ಕಾಲ ಬುಡಕ.
ಹೆಸರೂ ನಿಂಬೆವ್ವ. ನಗಬ್ಯಾಡ್ರಿ,
ತೊಟ್ಟಲದಾಗ ಹಾಕಿದಾಗ ಯಾರಿಗ ಗೊತ್ತಿತ್ತು.

ಮಾಗಿ ಚಳಿಗೆ ಕೈ
ಯರಿ ಹೊಲ ಬಿರದಂಗ ಬಿರದಾವು.
ರಸ ತಾಗಿದರ ಚುರ್ ಅಂತೈತಿ.
ಊದಿಕೊಂತ ಆರಸ್ತೀನಿ,
ಎಣಿಕಿ ತಪ್ಪಂಗಿಲ್ಲ.

ಲಾರಿ ಮಲಕಣ್ಣ ನಾಗಪುರಕ್ಕ ಲಿಂಬಿ ಒಯ್ದಾಂವ
ತಿರುಗಿ ಬರುವಾಗ ನಾಕು ಸಂತ್ರಿ ತಂದ.
ಅವೂ ಒತ್ತಿಸಿಕೊಂಡು ಮೆತ್ತಗಾದಂಥಾವು.
"ಅಲ್ಲೂ ಒಬ್ಬಾಕಿ ಕುಂತಿರತಾಳ ಆರಿಸಾಕ,
ಆಕಿ ಕಾಲ ಬುಡಕ ಬಿದ್ದಿದ್ದುವು" ಅಂದ.
"ಆಕಿ ಕೈ ಹೆಂಗದಾವ?" ಅಂದೆ.
ಅವನೇನ್ ನೋಡ್ಯಾನ.

ಮನ್ಯಾಗ ಗಜ್ಜರಿ ಇತ್ತು, ಎಳಿ ಮೂಲಂಗಿ,
ಹಕ್ಕರಕಿ ಒಂದ್ ಸಿವುಡು.
ಸಂತ್ರಿ ಸುಲದು, ಬಿಳಿ ನಾರು ತಗದು,
ತೊಳಿ ಸೀಳಿ ಬೀಜ ಉಗುರಿಲೆ ಹೊರಗ ದಬ್ಬಿ
ಹಾಕೇ ಬಿಟ್ಟೆ ಬೋಗುಣ್ಯಾಗ.
ಉಪ್ಪಿನ ಡಬ್ಬಿಗೆ ಕೈ ಹೋತು.
"ಹಣ್ಣಿಗೆ ಉಪ್ಪ ಹಾಕತಾರೇನ?" ಅಂದಳು ಅತ್ತಿ.
ಪ್ಯಾರಲಕ್ಕ ಹಾಕೂದಿಲ್ಲೇನು?
ಸಂತ್ರಿ ಏನ ಹೆಚ್ಚಿನ ಪುಣ್ಯಾ ಮಾಡೇತಿ?

ಆದರೂ ಬರೇ ಸಿಹಿ.
ನಾಲಿಗಿ ತುದೀಗೆ ಬಂದು ಕುಂತದ್ದು
ಬೀಗರಂಗ, ಒಳಗ ಬರವಲ್ದು.
ಸೆರಗಿನ ಗಂಟು ಬಿಚ್ಚಿ
ಚಿಕ್ಕಿ ಬಿದ್ದದ್ದೊಂದು ಲಿಂಬಿ ಹಿಂಡಿದೆ.
ಚುರ್ ಅಂತು.
ಮ್ಯಾಲೆ ಗುರೆಳ್ಳ ಪುಡಿ, ಹಸಿಮೆಣಸಿನಕಾಯಿ,
ಶೇಂಗಾ ಹುರದು ಅರ್ಧಾ ಕುಟ್ಟಿ.

ಜೋಡಿಗೆ ಸಜ್ಜಿ ರೊಟ್ಟಿ.
ಅತ್ತಿಗೆ ಹಲ್ಲಿಲ್ಲ. ತೊಳಿ ಬಾಯಾಗಿಟ್ಟು
ಅಂಗಳಕ್ಕ ಒತ್ತಿದಳು, ಕಣ್ಣ ಮುಚ್ಚಿದಳು.
ಏನೂ ಅನಲಿಲ್ಲ.
ಬೋಗುಣಿ ಮಾತ್ರ ತನ್ನ ಕಡೆ ಎಳಕೊಂಡಳು.

ನನ್ನ ಸಣ್ಣಾಂವ ಸಿಪ್ಪಿ ಮಡಚಿ
ಒಲಿ ಉರಿಗೆ ಹಿಂಡಿದ.
ಪಟಪಟ ಚಿಕ್ಕಿ ಹಾರಿದುವು.
"ಇನ್ನೊಮ್ಮೆ" ಅಂತು ಮುದಕಿ, ಕೂಸಿನಂಗ.
ನಾಕೂ ಸಂತ್ರಿ ಸಿಪ್ಪಿ ತೀರೂ ತನ
ಬಾಂಡೆ ತಿಕ್ಕಾಕ ಯಾರೂ ಏಳಲಿಲ್ಲ.

ರಾತ್ರಿ ಕೈ ಮೂಸಿ ನೋಡಿಕೊಂಡೆ:
ಹನ್ನೊಂದು ವರ್ಸದ ಲಿಂಬಿ,
ಅದರ ಮ್ಯಾಲ ಇವತ್ತಿನ ಸಂತ್ರಿ.

ಮುಂಜಾನೆ ಲಾರಿ ಹೊಂಡತೈತಿ.
ಮಲಕಣ್ಣಗ ಹೇಳಬೇಕು,
ಅಲ್ಲಿ ಕುಂತಾಕಿಗೆ ಹತ್ತು ಲಿಂಬಿ ಕೊಡಂತ,
ಚಿಕ್ಕಿ ಬಿದ್ದಾವ ಇರಲಿ, ರಸ ಅದ್ರಾಗ ಜಾಸ್ತಿ.
ಹಿಂಡೂಕಿಂತ ಮೊದಲ
ಕೈಗೆ ಕೊಬ್ಬರಿ ಎಣ್ಣಿ ಹಚ್ಚಕೊ ಅನ್ನಂತ.