ಷರಾ

ಪೀಣ್ಯ ಎರಡನೇ ಹಂತ, ಗ್ರೈಂಡಿಂಗ್ ಶಾಪಿನ ಮೇಲೆ ನಮ್ಮ ಆಫೀಸು.
ಹನ್ನೊಂದು ಜನ ಮೆಕ್ಯಾನಿಕ್ಕುಗಳು, ಇನ್ನೂರ ನಲವತ್ತು ಲಿಫ್ಟು,
ಸಂಜೆ ಆರಕ್ಕೆ ನನ್ನ ಮೇಜಿನ ಮೇಲೆ
ಗ್ರೀಸಿನ ಹೆಬ್ಬೆಟ್ಟು ಹೊತ್ತ ಜಾಬ್ ಕಾರ್ಡುಗಳು.

ದೂರು ಏನು, ಕಂಡದ್ದೇನು, ಮಾಡಿದ್ದೇನು,
ಬದಲಿಸಿದ ಭಾಗ ಯಾವುದು, ಕೊನೆಗೆ ಷರಾ.
ಐದು ಖಾನೆ.
ಐದಕ್ಕೂ ಸೇರಿಸಿ ಓರೆಗೆರೆ ಎಳೆದು
ಮುಬಾರಕ್ ಬರೆಯುವುದು: ಓಕೆ.
ಗಂಗಹನುಮ: ಯಥಾಪ್ರಕಾರ.
ಅರುಳಪ್ಪ ಏನೂ ಬರೆಯುವುದಿಲ್ಲ. ಸಹಿ ಹಾಕುತ್ತಾನೆ,
ಮದುವೆ ಕರೆಯೋಲೆಯ ಅಕ್ಷರದಂಥ ಸಹಿ,
ಕೆಳಗೆ ಎರಡು ಚುಕ್ಕಿ.

ಬೈದೆ. ಕಾರ್ಡಿಗೆ ಇಪ್ಪತ್ತು ರೂಪಾಯಿ ದಂಡ ಹಾಕಿದೆ.
ದಂಡದ ಡಬ್ಬಿ ತುಂಬಿದ ದಿನ
ಅದೇ ದುಡ್ಡಲ್ಲಿ ಖಾರಾಬನ್ ತರಿಸಿ
ನನಗೂ ಒಂದು ಕೊಟ್ಟರು. ತಿಂದೆ.

ಫೋನಿಗೆ ಆ್ಯಪ್ ಹಾಕಿಸಿದೆ, ಫೋಟೋ ಕಡ್ಡಾಯ ಅಂದೆ.
ತಿಂಗಳಿಡೀ ಅರುಳಪ್ಪನಿಂದ ಒಂದೇ ಫೋಟೋ:
ನಾಗರಭಾವಿಯಲ್ಲೂ ಅದೇ ಮೋಟಾರು, ಹೆಣ್ಣೂರಲ್ಲೂ ಅದೇ ಮೋಟಾರು,
ಅದೇ ಗೋಡೆಯ ಮೇಲೆ
ಅದೇ ಹಲ್ಲಿ.

ಕೇಳಿದರೆ ಅಂದ:
'ಮೇಡಂ, ಒಂದು ಕೈಲಿ ಟಾರ್ಚು, ಒಂದು ಕೈಲಿ ಸ್ಪಾನರು,
ಬಾಯಲ್ಲಿ ಸ್ಕ್ರೂ. ಗುಂಡಿಯೊಳಗೆ ಸಿಗ್ನಲ್ ಇಲ್ಲ.
ಮೂರನೇ ಕೈ ಕೊಡ್ಸಿ, ಬರೀತೀನಿ.'
ನನ್ನ ಹತ್ತಿರ ಉತ್ತರ ಇರಲಿಲ್ಲ. ಇದ್ದದ್ದು ಪೆನ್ನು.

ಆಮೇಲೆ ಮತ್ತೀಕೆರೆ.
ನಾಲ್ಕು ಜನರ ಪುಟ್ಟ ಲಿಫ್ಟು; ನೆಲಕ್ಕೆ ಸಮ ನಿಲ್ಲದೆ
ಗೇಣುದ್ದ ಕೆಳಗಿಳಿದು ನಿಲ್ಲುತ್ತೆ ಅಂತ ಮೂರು ಸಲ ಫೋನು.
ಮೂವರು ಹೋದರು, ಮೂರು ಬೇರೆ ಬೇರೆ ದಿನ.
ಓಕೆ. ಯಥಾಪ್ರಕಾರ. ಸಹಿ.
ನಾಲ್ಕನೇ ಫೋನು ಬಂದದ್ದು
ಬಿದ್ದು ಮಣಿಕಟ್ಟು ಮುರಿದವಳ ತಮ್ಮನಿಂದ.

ಪುಷ್ಪವೇಣಿ, ಬ್ಲೌಸು ಹೊಲಿಯುವವಳು.
ಮೋಸಂಬಿ ಹಿಡಿದು ಹೋದೆ.
ಮುರಿದದ್ದು ಬಲಗೈ. ಎಡಗೈಯಲ್ಲೇ ಕಾಫಿ ಕೊಟ್ಟು
ಅಳತೆ ಪುಸ್ತಕ ತೆಗೆದಳು:

'ವಕೀಲರ ಮನೆಯವರು. ಎಡಭುಜ ಅರ್ಧ ಇಂಚು ಇಳಿಜಾರು.
ಹೇಳಬಾರದು, ಒಳಗೆ ಪಟ್ಟಿ ಕೊಡುವುದು.'
'ಹಾಲಿನ ಬೂತಿನ ಹುಡುಗಿ. ತೋಳು ಸಡಿಲ ಇರಲಿ, ಕ್ರೇಟ್ ಎತ್ತುತ್ತಾಳೆ.'
ಆ ಅಳತೆಗಳ ನಡುವೆ, ಅದೇ ಪೆನ್ಸಿಲಿನಲ್ಲಿ:
'ಮಂಗಳವಾರ ಸಂಜೆ. ಲಿಫ್ಟು ತಗ್ಗು. ಮೂರು ಜನ ಇದ್ದೆವು.'
'ಶುಕ್ರವಾರ. ಒಬ್ಬಳೇ ಬಂದೆ. ಸರಿ ಇತ್ತು.'
'ಭಾನುವಾರ. ಮೂರು ಜನ. ಮತ್ತೆ ತಗ್ಗು.'

ಬ್ರೇಕಿನ ಲೈನರು ಸವೆದು ಹಾಳೆಯಾಗಿತ್ತು.
ಭಾರ ಬಿದ್ದಾಗ ಜಾರುತ್ತಿತ್ತು.
ನಮ್ಮವರು ಒಬ್ಬೊಬ್ಬರೇ ಖಾಲಿ ಲಿಫ್ಟಲ್ಲಿ ಹತ್ತಿಳಿದು ನೋಡಿದ್ದರು.
ಮೂವರೂ ಸುಳ್ಳು ಬರೆದಿರಲಿಲ್ಲ.
ಮೊದಲು ಹೋದವನು 'ಒಬ್ಬನೇ ಇದ್ದೆ' ಎಂದು
ಎರಡು ಪದ ಗೀಚಿದ್ದರೆ
ಎರಡನೆಯವನು ವಾಚ್‌ಮನ್ನನ್ನೂ ಅವನ ಹೆಂಡತಿಯನ್ನೂ
ಒಳಗೆ ಹತ್ತಿಸಿಕೊಳ್ಳುತ್ತಿದ್ದ.

ಆ ಪುಟದ ಜೆರಾಕ್ಸನ್ನು ಸೋಮವಾರ ಬೆಳಿಗ್ಗೆ ಓದಿದೆ.
ಕೆಳಗೆ ಗ್ರೈಂಡಿಂಗ್ ಮಷಿನ್ನು ಕಿರುಚುತ್ತಿತ್ತು,
ಎಷ್ಟು ಕೇಳಿಸಿತೋ ಗೊತ್ತಿಲ್ಲ.
ಮುಬಾರಕ್ ತನ್ನ ಚಪ್ಪಲಿ ನೋಡುತ್ತ ಕೂತಿದ್ದ.

ಐದು ಖಾನೆ ಹೊಡೆದುಹಾಕಿದೆ.
ಹೊಸ ಕಾರ್ಡಿನಲ್ಲಿ ಒಂದೇ ಸಾಲು, ಕೆಳಗೆ ಖಾಲಿ ಜಾಗ:
ನಾಳೆ ಇಲ್ಲಿಗೆ ಬರುವವನಿಗೆ ಏನು ಹೇಳುತ್ತೀಯ?

ಪವಾಡವೇನೂ ನಡೆಯಲಿಲ್ಲ.
ಗಂಗಹನುಮ ಈಗಲೂ ಯಥಾಪ್ರಕಾರ.
ಮುಬಾರಕ್ ಬರೆಯುತ್ತಾನೆ: 'ಓಕೆ. ಒಬ್ಬನೇ ಇದ್ದೆ.'
ಕೆಲವು ದಿನ ಓಕೆ ಬಿಟ್ಟು
'ಒಬ್ಬನೇ ಇದ್ದೆ' ಅಂತ ಮಾತ್ರ ಇರುತ್ತದೆ,
ಓದಿ ಸುಮ್ಮನೆ ಕೂರುತ್ತೇನೆ.

ನಿನ್ನೆ ಕತ್ರಿಗುಪ್ಪೆಯಿಂದ ಬಂದ ಕಾರ್ಡು:
'ಮಷಿನ್ ರೂಮಿನ ಏಣಿ ಮೂರನೇ ಮೆಟ್ಲು ಸಡ್ಲ, ಉಷಾರು.
ಬೀಗದ ಕೈ ಲಕ್ಕಮ್ಮನ ಹತ್ರ, ಮಧ್ಯಾನ ಮಲಗಿರ್ತಾರೆ.
ಗೇಟ್ ಸ್ವಿಚ್ ತಂತಿ ಕಟ್ಟಿ ಬಂದೀನಿ, ಇದು ರಿಪೇರಿ ಅಲ್ಲ,
ಹೊಸದು ತಗೊಂಡು ಬಾ. ಲಿಫ್ಟು ಆಫ್ ಮಾಡೀನಿ.
ಕಿಟಕಿ ಮುಚ್ಬೇಡ, ಪಾರಿವಾಳ ಮೊಟ್ಟೆ ಇಟ್ಟದೆ.'

ಯಾರದಿದು ಅಂತ ತಿರುಗಿಸಿ ತಿರುಗಿಸಿ ನೋಡಿದೆ.
ರೂಟ್ ಪಟ್ಟಿ ತೆಗೆದೆ: ಕತ್ರಿಗುಪ್ಪೆ, ಅರುಳಪ್ಪ.
ಸಹಿ ಹಾಕುವುದನ್ನು ಮರೆತಿದ್ದ.